ಟ್ಯೂಬ್ ತೆರೆಯುವವರ ಬಗ್ಗೆಯೂ ಯೋಚಿಸೋಣ

ಮೊದಲ ಪಿಯುಸಿಯಲ್ಲಿ ವೈರಸ್ ಪಾಠ ಬಂದ ದಿನ ನಮ್ಮ ತರಗತಿಯಲ್ಲಿ ಒಂದು ಪ್ರಶ್ನೆ ಎದ್ದಿತ್ತು. ವೈರಸ್ ಸಜೀವಿಯೂ ಅಲ್ಲ, ನಿರ್ಜೀವಿಯೂ ಅಲ್ಲ, ಎರಡರ ಗಡಿಯಲ್ಲಿ ನಿಂತಿರುವ ವಸ್ತು ಎಂದು ಮೇಡಂ ವಿವರಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಜೀವಾನೇ ಇಲ್ಲ ಅಂದ್ರ ಅದನ್ನ ಕೊಲ್ಲೋದು ಹೆಂಗ್ರೀ ಮೇಡಂ?" ಎಂದಳು. ಎಲ್ಲರೂ ನಕ್ಕರು. ಗಂಟೆ ಹೊಡೆಯಿತು. ಉತ್ತರ ಅಲ್ಲಿಗೇ ಉಳಿಯಿತು.

ಮನೆಗೆ ಹೋಗಿ ಆಪಾನನ್ನು ಕೇಳಿದೆ. ನನ್ನ ಆಪಾ ಲ್ಯಾಬ್ ಟೆಕ್ನಿಷಿಯನ್, ಡಿಎಂಎಲ್‌ಟಿ ಮುಗಿಸಿ ಆರು ವರ್ಷಗಳಾದವು. (ಮನೆಯಲ್ಲಿ ನಾವು ಆಡುವುದು ಉರ್ದು. ಇಲ್ಲಿ ಅವಳ ಮಾತನ್ನು ಕನ್ನಡಕ್ಕೆ ತಂದಿದ್ದೇನೆ.) ಅವಳೆಂದಳು: "ಕೊಲ್ಲೋದು ಅನ್ನಲ್ಲ, ನಿಷ್ಕ್ರಿಯ ಮಾಡೋದು ಅಂತೇವಿ. ಟೆಸ್ಟ್ ಮಾಡೋ ಮೊದಲು ಅದು ಆಗಬೇಕು." ಸ್ವಲ್ಪ ತಡೆದು, "ಆಗಬೇಕು," ಎಂದು ಇನ್ನೊಮ್ಮೆ ಹೇಳಿದಳು. ಎರಡನೇ ಸಲ ಹೇಳಿದ ಆ ಮಾತಿನ ಹಿಂದೆ ಒಂದು ಕಥೆಯಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆ. ಹಾವೇರಿ ಇರಲಿ, ರಾಣೆಬೆನ್ನೂರು ಇರಲಿ, ಬ್ಯಾಡಗಿ ಇರಲಿ, ರೋಗಿಯ ಮೂಗು ಗಂಟಲಿನಿಂದ ತೆಗೆದ ಸ್ವ್ಯಾಬ್ ಪಿಸಿಆರ್ ಪರೀಕ್ಷೆಗೆ ಮಾತ್ರ ಹೋಗುವುದಾದರೆ, ಅದು ಟ್ಯೂಬಿಗೆ ಬಿದ್ದ ಕ್ಷಣದಲ್ಲೇ ವೈರಸ್ ನಿಷ್ಕ್ರಿಯವಾಗಬೇಕು. ಹಾಗೆ ನಿಷ್ಕ್ರಿಯವಾಗುತ್ತದೆ ಎಂಬುದಕ್ಕೆ ಪರೀಕ್ಷಿಸಿ ಬರೆದ ದಾಖಲೆ ಇರಬೇಕು, "ಆಗಿರ್ತೈತಿ ಬಿಡು" ಎಂಬ ಮಾತು ಸಾಲದು. ಆ ದಾಖಲೆಯನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ವಿಜ್ಞಾನ ಟ್ಯೂಬ್ ತೆರೆಯುವ ಹುಡುಗಿಗೆ ಕೆಲಸಕ್ಕೆ ಸೇರುವ ಮೊದಲೇ ಗೊತ್ತಿರಬೇಕು. ನಮ್ಮ ಕಾಲೇಜಿನಿಂದ ಪ್ರತಿವರ್ಷ ಎಷ್ಟೋ ಹುಡುಗಿಯರು ನರ್ಸಿಂಗ್, ಡಿಎಂಎಲ್‌ಟಿ ಕಡೆಗೆ ಹೋಗುತ್ತಾರೆ. ಆದ್ದರಿಂದ ಇದು ನಮ್ಮದೇ ವಿಷಯ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಆರ್‌ಟಿ-ಪಿಸಿಆರ್ ಹುಡುಕುವುದು ವೈರಸ್ಸಿನ ಆರ್‌ಎನ್‌ಎಯ ಒಂದು ಚಿಕ್ಕ ತುಂಡನ್ನು ಮಾತ್ರ. ವೈರಸ್ ಬದುಕಿದೆಯೋ ಇಲ್ಲವೋ ಎಂಬುದು ಆ ಯಂತ್ರಕ್ಕೆ ಬೇಕಿಲ್ಲ. ಹಾವಿನ ವಿಷದ ಹಲ್ಲು ಕಿತ್ತರೂ ಚರ್ಮ ನೋಡಿ ಅದು ನಾಗರವೋ ಕೇರೆಯೋ ಎಂದು ಹೇಳಬಹುದಲ್ಲ, ಹಾಗೆ. ಕೊರೊನಾ ವೈರಸ್ಸಿನ ಮೈಮೇಲೆ ಕೊಬ್ಬಿನ ಹೊದಿಕೆ ಇದೆ. ಸೋಪು, ಆಲ್ಕೋಹಾಲ್, ಡಿಟರ್ಜೆಂಟ್ ಆ ಹೊದಿಕೆಯನ್ನು ಕರಗಿಸುತ್ತವೆ. ಪ್ರಯೋಗಾಲಯದಲ್ಲಿ ಬಳಸುವ ಲೈಸಿಸ್ ಬಫರ್‌ಗಳಲ್ಲಿ ಸಾಮಾನ್ಯವಾಗಿ ಗ್ವಾನಿಡಿನಿಯಂ ಥಯೋಸಯನೇಟ್ ಎಂಬ ಲವಣ ಇರುತ್ತದೆ. ಅದು ಪ್ರೋಟೀನಿನ ಮಡಿಕೆಗಳನ್ನೆಲ್ಲ ಬಿಚ್ಚಿಹಾಕುತ್ತದೆ. ವೈರಸ್ಸು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಪ್ರೋಟೀನೂ ಕೆಡುತ್ತದೆ, ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳೂ ಕೆಡುತ್ತವೆ. ಅಂದರೆ ಒಂದೇ ದ್ರಾವಣ ಅಪಾಯವನ್ನು ತೆಗೆಯುತ್ತದೆ, ನಮಗೆ ಬೇಕಾದ ಸಾಕ್ಷ್ಯವನ್ನು ಕಾಪಾಡುತ್ತದೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ರಸಾಯನಶಾಸ್ತ್ರದಲ್ಲಿ ಇಂಥ ಎರಡು ಲಾಭ ಒಟ್ಟಿಗೆ ಸಿಗುವುದು ಅಪರೂಪ.

ಇನ್ನು 2020ಕ್ಕೆ ಬರೋಣ. ಆ ವರ್ಷದ ಆರಂಭದಲ್ಲಿ ಕೊರೊನಾ ಪರೀಕ್ಷೆ ಎಂದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ. ಆಮೇಲೆ ಬೆಂಗಳೂರು, ಶಿವಮೊಗ್ಗ, ಹಾಸನ, ಮೈಸೂರುಗಳಲ್ಲಿ ಶುರುವಾಯಿತು, ಹುಬ್ಬಳ್ಳಿಯ ಕಿಮ್ಸ್ ಸೇರಿತು. ಮೊದಲ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಸ್ವ್ಯಾಬ್‌ಗಳು ಐಸ್ ಪೆಟ್ಟಿಗೆಯಲ್ಲಿ ಬೇರೆ ಜಿಲ್ಲೆಗೆ ಹೋಗಿ ಬರಬೇಕಿತ್ತು. ವರದಿ ಬರುವ ತನಕ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ಆ ಸ್ವ್ಯಾಬ್‌ಗಳು ಹೋಗುತ್ತಿದ್ದುದು ವಿಟಿಎಂ ಎಂಬ ಗುಲಾಬಿ ಬಣ್ಣದ ದ್ರವದಲ್ಲಿ. ವೈರಲ್ ಟ್ರಾನ್ಸ್‌ಪೋರ್ಟ್ ಮೀಡಿಯಂ. ಇದರಲ್ಲಿ ಲವಣ, ಸ್ವಲ್ಪ ಪ್ರೋಟೀನು, ಜೊತೆಗೆ ಬ್ಯಾಕ್ಟೀರಿಯಾ ಹಾಗೂ ಶಿಲೀಂಧ್ರ ಬೆಳೆಯದಂತೆ ಔಷಧಗಳು ಇರುತ್ತವೆ. ಉಳಿದ ಸೂಕ್ಷ್ಮಜೀವಿಗಳನ್ನು ತಡೆದು ವೈರಸ್ಸನ್ನು ಮಾತ್ರ ಚೆನ್ನಾಗಿ ಉಳಿಸಿಕೊಳ್ಳುವುದಕ್ಕೆಂದೇ ಮಾಡಿದ ದ್ರವ ಅದು! ವೈರಸ್ಸನ್ನು ಬೆಳೆಸಿ ಅಧ್ಯಯನ ಮಾಡುವ ದೊಡ್ಡ ಪ್ರಯೋಗಾಲಯಕ್ಕೆ ಅದು ಬೇಕು. ಆದರೆ ಬರೀ ಪಿಸಿಆರ್ ಮಾಡುವ ಕಡೆ, ಸೋಂಕು ಹರಡಬಲ್ಲ ವೈರಸ್ಸನ್ನು ಜೋಪಾನವಾಗಿ ಕಾಪಾಡಿ ತಂದು ಟೆಕ್ನಿಷಿಯನ್ ಮುಖದ ಮುಂದೆ ಮುಚ್ಚಳ ತೆಗೆದ ಹಾಗಾಗುತ್ತದೆ. ಅದಕ್ಕೇ ಅಲ್ಲಿ ಜೈವಿಕ ಸುರಕ್ಷತಾ ಕ್ಯಾಬಿನೆಟ್, ಎನ್-95, ಗೌನು ಎಲ್ಲ ಬೇಕು. ಅವೆಲ್ಲ ಇಲ್ಲದ ಊರಿನಲ್ಲಿ ಪರೀಕ್ಷೆಯೇ ಇಲ್ಲ.

ಈ ಗಂಟು ಬಿಡಿಸಿದ್ದು ಟ್ರೂನಾಟ್. ಗೋವಾದ ಮೊಲ್ಬಿಯೊ ಕಂಪನಿಯ, ಬ್ಯಾಟರಿಯಲ್ಲೂ ನಡೆಯುವ ಚಿಕ್ಕ ಪಿಸಿಆರ್ ಯಂತ್ರ ಅದು. ಮೊದಲಿನಿಂದ ಕ್ಷಯರೋಗಕ್ಕೆ ಬಳಕೆಯಲ್ಲಿತ್ತು. 2020ರ ಏಪ್ರಿಲ್‌ನಲ್ಲಿ ಐಸಿಎಂಆರ್ ಅದನ್ನು ಕೊರೊನಾಗೂ ಒಪ್ಪಿತು. ಸ್ವ್ಯಾಬನ್ನು ಕಿಟ್ಟಿನ ಜೊತೆ ಬರುವ ವೈರಸ್ ಲೈಸಿಸ್ ದ್ರಾವಣಕ್ಕೆ ಹಾಕಬೇಕು ಎಂಬುದು ಅದರ ಕ್ರಮ. ಜೂನ್‌ನಲ್ಲಿ ಬಂದ ರ್‍ಯಾಪಿಡ್ ಆ್ಯಂಟಿಜೆನ್ ಕಿಟ್ ವಿಷಯದಲ್ಲಿಯೂ ಐಸಿಎಂಆರ್ ಇದೇ ಅರ್ಥದ ಮಾತು ಹೇಳಿತ್ತು: ಕಿಟ್ಟಿನ ದ್ರಾವಣ ವೈರಸ್ಸನ್ನು ನಿಷ್ಕ್ರಿಯಗೊಳಿಸುವುದರಿಂದ ಸುರಕ್ಷತೆಯ ಹೊರೆ ಕಡಿಮೆ. ತಾಲ್ಲೂಕು ಆಸ್ಪತ್ರೆಯ ಒಂದು ಕೋಣೆಯಲ್ಲಿ ಪರೀಕ್ಷೆ ಸಾಧ್ಯವಾದದ್ದು ಹೀಗೆ. ಯಂತ್ರ ಚಿಕ್ಕದಾದದ್ದು ಎಲ್ಲರಿಗೂ ಕಂಡಿತು. ಟ್ಯೂಬಿನ ತಳದಲ್ಲಿದ್ದ ಎರಡು ಮಿಲಿಲೀಟರಿನಷ್ಟು ದ್ರಾವಣ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ದೃಷ್ಟಿಯಲ್ಲಿ ಪರೀಕ್ಷೆಯನ್ನು ಊರ ಹತ್ತಿರ ತಂದುಕೊಟ್ಟದ್ದು ಆ ದ್ರಾವಣ.

ಈಗ ಆಪಾನ ಕಥೆ. 2021ರ ಎರಡನೇ ಅಲೆಯಲ್ಲಿ ಅವಳು ಗುತ್ತಿಗೆ ಮೇಲೆ ಒಂದು ಕಡೆ ಕೆಲಸಕ್ಕಿದ್ದಳು. ಎಲ್ಲಿ ಎಂದು ಬರೆಯುವುದಿಲ್ಲ, ಅಲ್ಲಿದ್ದವರೆಲ್ಲ ಆಗ ನಿದ್ದೆಯಿಲ್ಲದೆ ದುಡಿದವರೇ. ನಾನಾಗ ಎಂಟನೇ ತರಗತಿ. ಒಂದು ವಾರ ಲೈಸಿಸ್ ದ್ರಾವಣದ ಟ್ಯೂಬುಗಳು ಮುಗಿದವು. ಸ್ವ್ಯಾಬುಗಳನ್ನು ಸಾಮಾನ್ಯ ವಿಟಿಎಂನಲ್ಲಿ ತೆಗೆದುಕೊಳ್ಳಲು ಶುರುಮಾಡಿದರು. ಆಮೇಲೆ ಹೊಸ ದ್ರಾವಣ ದೊಡ್ಡ ಬಾಟಲಿಯಲ್ಲಿ ಬಂತು. ವಿಟಿಎಂ ಟ್ಯೂಬು ಒಂದೊಂದನ್ನೇ ತೆರೆದು, ಪಿಪೆಟ್ಟಿನಲ್ಲಿ ಸ್ವಲ್ಪ ತೆಗೆದು ದ್ರಾವಣಕ್ಕೆ ಬೆರೆಸುವ ಕೆಲಸ ಅವಳ ಪಾಲಿಗೆ ಬಂತು. ಕ್ಯಾಬಿನೆಟ್ ಇರಲಿಲ್ಲ. ಮೇಜು ಇತ್ತು, ಮೇಲೆ ಫ್ಯಾನು ತಿರುಗುತ್ತಿತ್ತು. "ಫ್ಯಾನ್ ಬಂದ್ ಮಾಡ್ರಿ ಅಂದೆ. ಸೆಕೆಯಾಗ್ತೈತಿ ಅಂದ್ರು," ಎಂದು ಆಪಾ ಈಗ ನಗುತ್ತಾಳೆ. ಮೇ ತಿಂಗಳ ಸೆಕೆಯಲ್ಲಿ ಪಿಪಿಇ ಕಿಟ್ಟಿನೊಳಗೆ ಕೂತವರು ಫ್ಯಾನು ಕೇಳಿದ್ದರಲ್ಲಿ ತಪ್ಪು ಹುಡುಕುವುದು ನನಗೂ ಕಷ್ಟ.

ಒಂಬತ್ತನೇ ದಿನಕ್ಕೆ ಅವಳಿಗೆ ಜ್ವರ. ಮೂರು ದಿನ ಬಿಟ್ಟು ಅಬ್ಬಾಗೆ. ಅಬ್ಬಾ ಹನ್ನೆರಡು ದಿನ ಆಮ್ಲಜನಕದ ಮೇಲಿದ್ದು ಮನೆಗೆ ಬಂದರು, ಅಲ್‌ಹಮ್ದುಲಿಲ್ಲಾಹ್. ಇಂದಿಗೂ ಎರಡನೇ ಮಹಡಿ ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಸೋಂಕು ಆ ಟ್ಯೂಬಿನಿಂದಲೇ ಬಂತೆಂದು ನಾನು ಹೇಳಲಾರೆ. ಆಗ ಗಾಳಿಯಲ್ಲೆಲ್ಲ ಅದೇ ಇತ್ತು, ಕಿರಾಣಿ ಅಂಗಡಿಯಿಂದಲೂ ಬಂದಿರಬಹುದು. ಆದರೆ ಆಪಾ ಹಾಗೆ ತಿಳಿದುಕೊಂಡಿಲ್ಲ. ತಾನೇ ಮನೆಗೆ ತಂದೆನೆಂದು ಅವಳು ಇನ್ನೂ ಅಂದುಕೊಂಡಿದ್ದಾಳೆ. ಸ್ವ್ಯಾಬ್ ತೆಗೆದ ಗಳಿಗೆಯಲ್ಲೇ ವೈರಸ್ ನಿಷ್ಕ್ರಿಯವಾಗಿದ್ದರೆ ಕನಿಷ್ಠ ಆ ಒಂದು ಅನುಮಾನವಾದರೂ ಅವಳ ತಲೆಯಲ್ಲಿ ಉಳಿಯುತ್ತಿರಲಿಲ್ಲ.

ದ್ರಾವಣ ಸಿಗದಿದ್ದರೆ ಬಿಸಿ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ನಾನೂ ಕೇಳಿದ್ದೆ. ಹಾಲು ಕಾಯಿಸುವುದಿಲ್ಲವೆ? ಲ್ಯಾಬುಗಳಲ್ಲಿ ಸೀರಮ್ಮನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡುವುದು ಹಳೆಯ ರೂಢಿ. 2020ರಲ್ಲಿ ಫ್ರಾನ್ಸಿನ ಮಾರ್ಸೆ ನಗರದ ತಂಡವೊಂದು ಕೊರೊನಾ ಮಾದರಿಗಳ ಮೇಲೆ ಮೂರು ಕ್ರಮಗಳನ್ನು ಹೋಲಿಸಿತು: 56 ಡಿಗ್ರಿಯಲ್ಲಿ 30 ನಿಮಿಷ, 60 ಡಿಗ್ರಿಯಲ್ಲಿ 60 ನಿಮಿಷ, 92 ಡಿಗ್ರಿಯಲ್ಲಿ 15 ನಿಮಿಷ. ವೈರಸ್ ಬಹಳ ಹೆಚ್ಚಿದ್ದ ಮಾದರಿಗಳಲ್ಲಿ ಪೂರ್ತಿ ನಿಷ್ಕ್ರಿಯಗೊಳಿಸಿದ್ದು ಮೂರನೆಯದು ಮಾತ್ರ. ಮೊದಲೆರಡು ಸುಮಾರು ಐದು ಲಾಗ್ ಇಳಿಸಿದವು. ಐದು ಲಾಗ್ ಎಂದರೆ ಲಕ್ಷಕ್ಕೆ ಒಂದು ಉಳಿಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಟ್ಯೂಬಿನಲ್ಲಿ ಒಂದು ಕೋಟಿ ಇದ್ದರೆ ನೂರು ಉಳಿದವು! ಲಾಗರಿದಮ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಗಣಿತದ ತರಗತಿಯಲ್ಲಿ ಗೊಣಗುವವರು ಈ ಲೆಕ್ಕ ಗಮನಿಸಬೇಕು.

ಹಾಗಾದರೆ ಎಲ್ಲವನ್ನೂ 92ಕ್ಕೆ ಕಾಯಿಸಿಬಿಡೋಣವೆ? ಅಲ್ಲೂ ತೊಡಕಿದೆ. ಅಷ್ಟು ಕಾಯಿಸಿದರೆ ಸಿಗುವ ಆರ್‌ಎನ್‌ಎಯೂ ಕಡಿಮೆಯಾಗುತ್ತದೆ. ವೈರಸ್ ಸ್ವಲ್ಪವೇ ಇರುವ ರೋಗಿಯ ವರದಿ ಆಗ ತಪ್ಪಾಗಿ ನೆಗೆಟಿವ್ ಬರಬಹುದು. ಅವನು ಮಾಸ್ಕ್ ತೆಗೆದು ಸಂತೆಗೆ ಹೋಗುತ್ತಾನೆ. ಬ್ಯಾಡಗಿ ಕಡೆಯವರಿಗೆ ಇದು ಬೇಗ ತಿಳಿಯುತ್ತದೆ. ಮೆಣಸಿನಕಾಯಿ ಕಡಿಮೆ ಒಣಗಿದರೆ ಚೀಲದೊಳಗೆ ಬೂಸ್ಟು, ಅತಿಯಾಗಿ ಒಣಗಿದರೆ ಪುಡಿಯಾಗಿ ಬಣ್ಣ ಹೋಗಿ ರೇಟು ಬಿತ್ತು. ನಡುವಿನ ಹದವನ್ನು ರೈತ ಕೈಯಲ್ಲಿ ಹಿಡಿದು ಗಲಗಲ ಅಲ್ಲಾಡಿಸಿ ಹೇಳುತ್ತಾನೆ. ವೈರಸ್ ವಿಷಯದಲ್ಲಿ ಕೈಯಲ್ಲಿ ಹಿಡಿದು ಹೇಳುವುದು ಸಾಧ್ಯವಿಲ್ಲ. ಹಾಲು ಉಕ್ಕುವುದು ಕಣ್ಣಿಗೆ ಕಾಣುತ್ತದೆ. ವೈರಸ್ ನಿಷ್ಕ್ರಿಯವಾದದ್ದು ಕಾಣುವುದಿಲ್ಲ. ಟ್ಯೂಬು ಮೊದಲು ಹೇಗಿತ್ತೋ ಆಮೇಲೂ ಹಾಗೇ ಇರುತ್ತದೆ.

ಇಡೀ ವಿಷಯದ ಕಷ್ಟ ಇರುವುದೇ ಇಲ್ಲಿ. ಅದಕ್ಕೇ ಯಾವುದೇ ಹೊಸ ಕ್ರಮವನ್ನು ನಂಬುವ ಮೊದಲು ದೊಡ್ಡ ಪ್ರಯೋಗಾಲಯಗಳು ಒಂದು ಪರೀಕ್ಷೆ ಮಾಡುತ್ತವೆ. ನಿಷ್ಕ್ರಿಯಗೊಳಿಸಿದ ಮಾದರಿಯನ್ನು ಜೀವಂತ ಕೋಶಗಳ ಮೇಲೆ ಹಾಕಿ ದಿನಗಟ್ಟಲೆ ಕಾಯುತ್ತವೆ, ಆ ದ್ರವವನ್ನು ಮತ್ತೆ ಹೊಸ ಕೋಶಗಳಿಗೆ ಹಾಕಿ ಮತ್ತೆ ಕಾಯುತ್ತವೆ. ಒಂದೇ ಒಂದು ವೈರಸ್ ಉಳಿದಿದ್ದರೂ ಅದು ಬೆಳೆದು ಕೋಶಗಳನ್ನು ಹಾಳುಮಾಡಿ ತೋರಿಸಿಕೊಡುತ್ತದೆ. ಹೀಗೆ ನೋಡದೆ ನಂಬಿದವರು ಮೋಸಹೋದದ್ದುಂಟು. ಎಬೋಲಾ ಮಾದರಿಗಳಿಗೆ ಪ್ರಪಂಚದಾದ್ಯಂತ ಎವಿಎಲ್ ಎಂಬ ಲೈಸಿಸ್ ಬಫರ್ ಬಳಸುತ್ತಿದ್ದರು, ಅದೊಂದೇ ಸಾಕೆಂದು ತಿಳಿಯಲಾಗಿತ್ತು. ಬ್ರಿಟನ್ನಿನ ಪೋರ್ಟನ್ ಡೌನ್‌ನ ವಿಜ್ಞಾನಿಗಳು 2015ರಲ್ಲಿ ಪರೀಕ್ಷಿಸಿ ನೋಡಿದರೆ ಅದೊಂದರಿಂದ ವೈರಸ್ ಪೂರ್ತಿ ನಿಷ್ಕ್ರಿಯವಾಗಿರಲಿಲ್ಲ. ಅದಕ್ಕೆ ಆಲ್ಕೋಹಾಲ್ ಸೇರಿಸಿದ ಮೇಲೆ ಆಯಿತು. ಅದೇ 2015ರಲ್ಲಿ ಅಮೆರಿಕದ ಸೇನೆಯ ಡಗ್‌ವೇ ಕೇಂದ್ರ, ವಿಕಿರಣದಿಂದ ನಿಷ್ಕ್ರಿಯಗೊಳಿಸಿದ್ದೇವೆ ಎಂದು ವರ್ಷಗಟ್ಟಲೆ ಕಳಿಸುತ್ತಿದ್ದ ಆಂಥ್ರಾಕ್ಸ್ ಬೀಜಕಗಳಲ್ಲಿ ಜೀವಂತವಾದವು ಇದ್ದದ್ದು ಹೊರಬಂತು. ಅವು ಬೇರೆ ದೇಶಗಳ ಪ್ರಯೋಗಾಲಯಗಳಿಗೂ ಹೋಗಿದ್ದವು. ಇನ್ನೂ ಹಿಂದೆ, 1955ರಲ್ಲಿ, ಅಮೆರಿಕದ ಕಟರ್ ಕಂಪನಿಯ ಪೋಲಿಯೊ ಲಸಿಕೆಯಲ್ಲಿ ಫಾರ್ಮಲಿನ್ನಿಗೆ ಸಿಗದೆ ಉಳಿದ ವೈರಸ್‌ಗಳಿಂದ ಸುಮಾರು ಇನ್ನೂರು ಮಂದಿ ಪಾರ್ಶ್ವವಾಯು ಪೀಡಿತರಾದರು, ಹತ್ತು ಜನ ತೀರಿಕೊಂಡರು. ವೈರಸ್‌ಗಳು ಒಂದಕ್ಕೊಂದು ಅಂಟಿ ಗುಡ್ಡೆಯಾದಾಗ ಒಳಗಿನವುಗಳಿಗೆ ಔಷಧ ತಾಗುವುದಿಲ್ಲ. ಕಾರಣ ಅಷ್ಟು ಸರಳ. ಅವರ್‍ಯಾರೂ ದಡ್ಡರಾಗಿರಲಿಲ್ಲ. ಅವರಿಗೇ ಹಾಗಾದರೆ, ಥರ್ಮಾಮೀಟರ್ ಇಲ್ಲದ ವಾಟರ್ ಬಾತಿನಲ್ಲಿ ಟ್ಯೂಬು ಅದ್ದಿ "ಆಯ್ತು" ಎನ್ನುವ ಲ್ಯಾಬಿನ ಬಗ್ಗೆ ಏನು ಹೇಳೋಣ?

ಕೊರೊನಾ ಮುಗಿಯಿತಲ್ಲ, ಈಗೇಕೆ ಈ ಮಾತು ಎಂದು ಗೆಳತಿಯೊಬ್ಬಳು ಕೇಳಿದಳು. ಹಾನಗಲ್ಲು ಅಥವಾ ಹಿರೇಕೆರೂರಿನ ಗಡಿ ದಾಟಿದರೆ ಸೊರಬ ತಾಲ್ಲೂಕು. ಅಲ್ಲಿನ ಕ್ಯಾಸನೂರು ಕಾಡಿನ ಹೆಸರನ್ನು ಜಗತ್ತಿನ ಎಲ್ಲ ವೈರಾಣುಶಾಸ್ತ್ರದ ಪುಸ್ತಕಗಳಲ್ಲಿ ಕಾಣಬಹುದು. 1957ರಲ್ಲಿ ಅಲ್ಲಿ ಮಂಗಗಳು ಸತ್ತುಬಿದ್ದವು, ಹಿಂದೆಯೇ ಜನರಿಗೆ ಜ್ವರ ಬಂತು. ಪುಣೆಯ ಅಂದಿನ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಟೆಲ್ಫೋರ್ಡ್ ವರ್ಕ್ ಅವರ ನೇತೃತ್ವದಲ್ಲಿ, ಉಣ್ಣೆ ಹುಳುಗಳಿಂದ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಅದೇ ಕೆಎಫ್‌ಡಿ, ನಮ್ಮ ಮಂಗನ ಕಾಯಿಲೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ ಆ ವೈರಸ್ಸಿನ ಮೇಲೆ ಕೆಲಸ ಮಾಡಿದ ಪ್ರಯೋಗಾಲಯದ ಹತ್ತಾರು ಸಿಬ್ಬಂದಿಗೂ ಅದು ತಗಲಿತು. ಅವರು ಕಾಡಿಗೆ ಹೋಗದೆ, ಹುಳ ಕಚ್ಚದೆ, ಮೇಜಿನ ಮುಂದೆ ಕೂತು ರೋಗಿಗಳಾದರು. ಭಾರತದಲ್ಲಿ ಇಂಥ ವೈರಸ್‌ಗಳಿಗೆ ತಕ್ಕ ಅತ್ಯುನ್ನತ ಸುರಕ್ಷತೆಯ ಬಿಎಸ್‌ಎಲ್-4 ಪ್ರಯೋಗಾಲಯ ಪುಣೆಯಲ್ಲಿ ತಯಾರಾದದ್ದು 2012ರ ಕೊನೆಗೆ.

ಮಂಗನ ಕಾಯಿಲೆಯ ಲಸಿಕೆಯೂ ನಿಷ್ಕ್ರಿಯಗೊಳಿಸುವ ಕಥೆಯೇ. ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಅದು. ಮೊದಲ ಪ್ರಯೋಗಗಳಲ್ಲಿ ಎರಡು ಡೋಸಿಗೆ ಶೇ 94ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ಅವಧಿಯ ಅಧ್ಯಯನದಲ್ಲಿ ಶೇ 62ರಷ್ಟಕ್ಕೆ ಇಳಿದಿತ್ತು. ಸಾಮರ್ಥ್ಯ ಸಾಲದೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗೆ ಐಸಿಎಂಆರ್ ಕೆಲಸ ನಡೆಸಿದೆ. ಇದರಿಂದ ನನಗೆ ತಿಳಿದದ್ದು ಇಷ್ಟು: ವೈರಸ್ಸನ್ನು ಸುರಕ್ಷಿತ ಮಾಡಿದರೆ ಸಾಲದು, ಮಾಡಿದ ಮೇಲೆ ಅದು ನಮ್ಮ ಉಪಯೋಗಕ್ಕೂ ಬರುವಂತಿರಬೇಕು. ಟ್ಯೂಬಿನಲ್ಲೂ ಹಾಗೇ, ಲಸಿಕೆಯ ಬಾಟಲಿಯಲ್ಲೂ ಹಾಗೇ. ಒಳ್ಳೆಯ ಸುದ್ದಿಯೂ ಇದೆ. ಎನ್‌ಐವಿ ಮತ್ತು ಮೊಲ್ಬಿಯೊ ಸೇರಿ ಮಂಗನ ಕಾಯಿಲೆಗೂ ಟ್ರೂನಾಟ್ ಪರೀಕ್ಷೆ ರೂಪಿಸಿವೆ. ಬಿಎಸ್‌ಎಲ್-4 ಬೇಕಾದ ವೈರಸ್ಸಿನ ಪರೀಕ್ಷೆಯನ್ನು ಕಾಡಂಚಿನ ಆಸ್ಪತ್ರೆಯಲ್ಲಿ ಮಾಡಬಹುದು ಎಂದರೆ ಅದಕ್ಕೆ ಧೈರ್ಯ ಕೊಟ್ಟದ್ದು ಮತ್ತೆ ಆ ನಿಷ್ಕ್ರಿಯ ದ್ರಾವಣ.

2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ನಿಗೂಢ ಜ್ವರ ನಿಪಾ ಎಂದು ಮೊದಲು ಗುರುತಿಸಿದ್ದು ನಮ್ಮ ಉಡುಪಿ ಜಿಲ್ಲೆಯ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಆಮೇಲೆ ಪುಣೆ ಖಚಿತಪಡಿಸಿತು. ಆ ದಿನ ಆ ಪಾರ್ಸೆಲ್ಲಿನೊಳಗೆ ನಿಪಾ ಇದೆಯೆಂದು ತೆರೆದವರಿಗೆ ಗೊತ್ತಿರಲಿಲ್ಲ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ತಿಳಿಯುವುದಕ್ಕೇ ಅದನ್ನು ತೆರೆಯುವುದು. ಆದ್ದರಿಂದ ಅಪಾಯಕಾರಿ ಎಂದು ಗೊತ್ತಾದಾಗ ಎಚ್ಚರ ವಹಿಸುತ್ತೇವೆ ಎಂಬ ವಾದ ಲ್ಯಾಬಿನಲ್ಲಿ ನಡೆಯುವುದಿಲ್ಲ.

ನನ್ನ ಮಾತಿಗೆ ಆಕ್ಷೇಪಗಳಿವೆ. ಎಲ್ಲ ಮಾದರಿಯನ್ನೂ ನಿಷ್ಕ್ರಿಯ ಮಾಡಿದರೆ ವೈರಸ್ಸನ್ನು ಬೆಳೆಸುವುದು ಹೇಗೆ ಎಂದು ನಮ್ಮ ಸರ್ ಕೇಳಿದರು. ಸರಿಯಾದ ಪ್ರಶ್ನೆ. ಎನ್‌ಐವಿಯಲ್ಲಿ ರೋಗಿಯ ಮಾದರಿಯಿಂದ ಜೀವಂತ ವೈರಸ್ ಬೇರ್ಪಡಿಸಿದ್ದರಿಂದಲೇ ಕೋವ್ಯಾಕ್ಸಿನ್ ಬಂತು. ಅದನ್ನು ಬೀಟಾ-ಪ್ರೊಪಿಯೊಲ್ಯಾಕ್ಟೋನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ಮಾಡಿದರು. ಬೇಕಾದ ಕೆಲವು ರೋಗಿಗಳಿಂದ ಎರಡನೇ ಸ್ವ್ಯಾಬ್ ತೆಗೆದು ವಿಟಿಎಂನಲ್ಲಿ, ಮೂರು ಪದರದ ಪೆಟ್ಟಿಗೆಯಲ್ಲಿ, ಅದನ್ನು ನಿಭಾಯಿಸಬಲ್ಲ ಪ್ರಯೋಗಾಲಯಕ್ಕೇ ಕಳಿಸಲಿ. ಅದಕ್ಕಾಗಿ ತಾಲ್ಲೂಕಿನ ಟೆಕ್ನಿಷಿಯನ್ ನೂರಾರು ಜೀವಂತ ಟ್ಯೂಬು ತೆರೆಯಬೇಕಿಲ್ಲ. ಖರ್ಚಿನ ಮಾತೂ ಬರುತ್ತದೆ. ಲೈಸಿಸ್ ದ್ರಾವಣದ ಟ್ಯೂಬಿಗೆ ದುಡ್ಡು ಹೆಚ್ಚು ಬಿದ್ದೀತು, ಒಪ್ಪುತ್ತೇನೆ. ಅಬ್ಬಾನ ಹನ್ನೆರಡು ದಿನದ ಬಿಲ್ಲು ನಮ್ಮ ಮನೆಯ ಕಪಾಟಿನಲ್ಲಿದೆ, ಹೋಲಿಸಿ ನೋಡಬಹುದು.

ಮೂರನೆಯ ಆಕ್ಷೇಪ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಮ್ಮ ನಡವಳಿಕೆಯಲ್ಲೇ ಇದೆ: ಅಲ್ಲಾಹ್ ಕಾಪಾಡುತ್ತಾನೆ. ಕಾಪಾಡುತ್ತಾನೆ, ನಿಜ. ಆದರೆ ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡು ಎಂಬ ಪಾಠವನ್ನು ನಾವೆಲ್ಲ ಮದರಸಾದಲ್ಲೇ ಕಲಿತಿದ್ದೇವೆ. ರೋಗಿ ಕೊಟ್ಟ ಮಾದರಿ ನಮ್ಮ ಕೈಯಲ್ಲಿ ಅಮಾನತ್. ಅದನ್ನು ತೆರೆಯುವ ಹುಡುಗಿಯ ಆರೋಗ್ಯ ಅವಳನ್ನು ಕೆಲಸಕ್ಕಿಟ್ಟವರ ಕೈಯಲ್ಲಿ ಅಮಾನತ್. ಎರಡರ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ಇನ್ನೊಂದು ವಿಷಯ, ವಿಜ್ಞಾನ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಸುರಕ್ಷತೆ ಎಂದರೆ ಎಲ್ಲಕ್ಕೂ ಬ್ಲೀಚ್ ಸುರಿಯುವುದು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಗ್ವಾನಿಡಿನಿಯಂ ಥಯೋಸಯನೇಟ್ ಇರುವ ದ್ರಾವಣಕ್ಕೆ ಬ್ಲೀಚ್ ಬೆರೆಸಿದರೆ ಸಯನೈಡ್ ಅಂಶದ ವಿಷಾನಿಲ ಏಳಬಹುದು. 2020ರಲ್ಲಿ ಅಮೆರಿಕದ ಎಫ್‌ಡಿಎ ಈ ಬಗ್ಗೆ ಲ್ಯಾಬುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆಪಾಗೆ ಇದು ಗೊತ್ತಿರಲಿಲ್ಲ. ಮೂರು ವರ್ಷದ ಡಿಪ್ಲೊಮಾ ಓದಿ, ಆರು ವರ್ಷ ಕೆಲಸ ಮಾಡಿದ ಮೇಲೆ, ಇದನ್ನು ಅವಳಿಗೆ ಹೇಳಿದ್ದು ಪಿಯುಸಿ ಓದುವ ತಂಗಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಉಳಿದ ಟ್ಯೂಬೆಲ್ಲ ಬ್ಲೀಚ್ ಬಕೆಟ್ಟಿಗೇ ಹಾಕ್ತಿದ್ವಿ" ಎಂದಳು. ಬಾಟಲಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ, ಇರುವೆ ಕಾಲಿನಷ್ಟು ಅಕ್ಷರದಲ್ಲಿ ಇರುತ್ತದೆ. ಲ್ಯಾಬಿನ ಗೋಡೆಯ ಮೇಲೆ ಅದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಲು ಎಷ್ಟು ಖರ್ಚಾದೀತು?

ದೊಡ್ಡವರ ಲ್ಯಾಬಿನ ಬಗ್ಗೆ ಇಷ್ಟು ಬರೆದು ನಮ್ಮ ಕಾಲೇಜಿನ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಕಳೆದ ವರ್ಷ ಇಲ್ಲಿ ರಕ್ತದ ಗುಂಪು ತಪಾಸಣೆ ನಡೆಯಿತು. ಕಾರ್ಯಕ್ರಮ ಚೆನ್ನಾಗಿತ್ತು, ನಾನು ಬಿ ಪಾಸಿಟಿವ್ ಎಂದು ಗೊತ್ತಾದದ್ದು ಅಂದೇ. ಆದರೆ ಸಂಜೆ ನೋಡಿದರೆ ರಕ್ತದ ಹತ್ತಿ, ಗಾಜಿನ ಸ್ಲೈಡು, ಚುಚ್ಚಿದ ಸೂಜಿ ಎಲ್ಲ ಒಂದೇ ಪ್ಲಾಸ್ಟಿಕ್ ಬುಟ್ಟಿಯಲ್ಲಿದ್ದವು. ಅದನ್ನು ಬರಿಗೈಯಲ್ಲಿ ಎತ್ತಿಕೊಂಡು ಹೋದವರು ನಮ್ಮ ಕಾಲೇಜು ಗುಡಿಸುವ ಖಾಲಾ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನದವರೆಗೂ ಸೋಂಕು ಹರಡಬಲ್ಲದು. ನಾವು ನೂರಾರು ಮಕ್ಕಳು ಬೆರಳು ಚುಚ್ಚಿಸಿಕೊಂಡು ಫೋಟೊ ತೆಗೆಸಿಕೊಂಡೆವು. ಬುಟ್ಟಿಯ ಬಗ್ಗೆ ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಯಾವುದು ಎಲ್ಲಿಗೆ ಎಂದು ಸ್ಪಷ್ಟವಾಗಿದೆ. ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. ಸ್ಲೈಡುಗಳನ್ನು ಅದಕ್ಕೂ ಮೊದಲು ಶೇ 1ರ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಎತ್ತುವವರಿಗೆ ಭಯವಿಲ್ಲ. ಶೇ 33ರಷ್ಟು ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪುಡಿಯಾದರೆ ಲೀಟರ್ ನೀರಿಗೆ ಸುಮಾರು 30 ಗ್ರಾಂ. ಸ್ಟೋರ್ ರೂಮಿನಲ್ಲಿ ಬಾಯಿ ತೆರೆದು ಬಿದ್ದಿರುವ ಹಳೆಯ ಚೀಲದ ಪುಡಿಗೆ ಆ ಶಕ್ತಿ ಉಳಿದಿರುವುದಿಲ್ಲ. ಕಲಸಿದ ದ್ರಾವಣವನ್ನೂ ಅಂದೇ ಮಾಡಿ ಅಂದೇ ಬಳಸಬೇಕು.

ಈ ಲೇಖನ ಬರೆಯುವ ಮೊದಲು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪ್ರಾಂಶುಪಾಲರಿಗೆ ಕೊಟ್ಟೆ. ಅವರು ಓದಿ, ಮುಂದಿನ ಶಿಬಿರಕ್ಕೆ ಡಬ್ಬಿ, ಚೀಲ, ಕೈಗವಸು ತರಿಸುವುದಾಗಿ ಹೇಳಿದರು. ತುಂಬಿದ ಡಬ್ಬಿಗಳನ್ನು ಆಸ್ಪತ್ರೆಯ ತ್ಯಾಜ್ಯದ ವಾಹನಕ್ಕೆ ಸೇರಿಸುವ ಬಗ್ಗೆ ಮಾತಾಡುವ ಕೆಲಸವನ್ನು ಜೀವಶಾಸ್ತ್ರದ ಮೇಡಂ ಒಪ್ಪಿಕೊಂಡಿದ್ದಾರೆ. ಆಪಾ ಅಂದು ರಜೆ ಹಾಕಿ ಬಂದು ತೋರಿಸಿಕೊಡುತ್ತಾಳೆ. ದ್ರಾವಣ ಕಲಸಲು, ಗಡಿಯಾರ ನೋಡಿ ಅರ್ಧ ಗಂಟೆ ಗುರುತು ಹಾಕಲು, ಖಾಲಾಗೆ ಕೈಗವಸು ಹಾಕಿಕೊಳ್ಳುವ ಕ್ರಮ ತೋರಿಸಲು ನಾಲ್ಕು ಜನ ಬೇಕು. ಜೀವಶಾಸ್ತ್ರ ಪ್ರಯೋಗಾಲಯದ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ. ಸದ್ಯ ಅದರಲ್ಲಿ ಎರಡು ಹೆಸರಿವೆ, ಒಂದು ನನ್ನದು.